ಐದೂವರೆಗೆ ಮನೆಗೆ ಹೋದ ಮೇಷ್ಟ್ರು

ನಮ್ಮ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು ನೂರಾರು ಮಂದಿ ಇದ್ದಾರೆ; ಆದರೆ ‘ಮೇಷ್ಟ್ರು’ ಎಂದಾಕ್ಷಣ ಗೇಟಿನ ಕಾವಲುಗಾರನಿಂದ ಹಿಡಿದು ಕುಲಪತಿಗಳವರೆಗೆ ಎಲ್ಲರ ಕಣ್ಣ ಮುಂದೆ ನಿಲ್ಲುವವರು ಒಬ್ಬರೇ, ಅವರಾದರೋ ಒಂದು ದಿನವೂ ತರಗತಿಯಲ್ಲಿ ಪಾಠ ಮಾಡಿದವರಲ್ಲ. ಗಣಕ ವಿಭಾಗದಲ್ಲಿ ತಂತ್ರಜ್ಞರಾಗಿ ಮೂವತ್ತೊಂದು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಅವರು, ಟೈಪ್‌ರೈಟರಿನ ಮುಂದೆ ಬೆನ್ನು ಬಾಗಿಸಿದ್ದ ಒಂದು ಇಡೀ ತಲೆಮಾರಿನ ಗುಮಾಸ್ತರ ಬೆರಳು ಹಿಡಿದು ಕಂಪ್ಯೂಟರಿನ ಕೀಲಿಗಳ ಮೇಲೆ ಇಟ್ಟವರು. ಇಂದು ಈ ಆವರಣದಲ್ಲಿ ಯಾರೇ ಹೆದರದೆ ಒಂದು ಕಡತ ತೆರೆಯುತ್ತಾರೆಂದರೆ ಅದರ ಹಿಂದೆ ಮೇಷ್ಟ್ರ ತಾಳ್ಮೆಯಿದೆ.

ಈ ಅಭಿನಂದನಾ ಸಂಪುಟದ ಸಂಪಾದಕ ಸಮಿತಿಯವರು ನನಗೆ ಬರೆದ ಪತ್ರದಲ್ಲಿ ‘ಹನ್ನೊಂದು ವರ್ಷ ಒಂದು ದಿನವೂ ರಜೆ ಹಾಕದ ಮೇಷ್ಟ್ರ ತ್ಯಾಗಜೀವನ’ ಕುರಿತು ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದು ಕೇಳಿದ್ದಾರೆ. ಅವರ ಕ್ಷಮೆ ಕೋರುತ್ತೇನೆ. ಒಬ್ಬ ಮನುಷ್ಯನ ಸಂಜೆಗಳನ್ನೂ ಭಾನುವಾರಗಳನ್ನೂ ತಿಂದು ತೇಗಿ, ಕೊನೆಗೆ ಅದಕ್ಕೆ ತ್ಯಾಗವೆಂದು ಹೆಸರಿಟ್ಟು ಹೂಗುಚ್ಛ ಕೊಡುವ ಕೆಲಸಕ್ಕೆ ನನ್ನ ಲೇಖನಿ ಏಳುವುದಿಲ್ಲ. ಕಿತ್ತುಕೊಂಡದ್ದನ್ನು ಕೊಟ್ಟದ್ದೆಂದು ಬರೆಯುವುದು ಅಭಿನಂದನೆಯಲ್ಲ. ನಾನು ಕಂಡದ್ದನ್ನು, ನಾನೇ ಮಾಡಿದ್ದನ್ನೂ ಸೇರಿಸಿ, ಕಂಡ ಹಾಗೆ ಬರೆಯುತ್ತೇನೆ.

ಮೇಷ್ಟ್ರು ಸೇವೆಗೆ ಸೇರಿದಾಗ ಇಡೀ ಆಡಳಿತ ಭವನಕ್ಕೆ ಇದ್ದದ್ದು ಮೂರು ಕಂಪ್ಯೂಟರು. ಅವುಗಳಿಗೆ ಧೂಳು ತಾಗಬಾರದೆಂದು ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತಂತೆ. ಮೊದಲ ವರ್ಷವೇ ಅವರು ಪ್ರತಿ ಸೋಮವಾರ ಸೂಚನಾ ಫಲಕಕ್ಕೆ ಒಂದು ಹಾಳೆ ಅಂಟಿಸಲು ಶುರುಮಾಡಿದರು. ‘ಈ ವಾರದ ಕಿವಿಮಾತು’ ಎಂಬ ತಲೆಬರಹದ ಕೆಳಗೆ ಒಂದೇ ಒಂದು ವಿಷಯ, ದುಂಡಗಿನ ಕೈಬರಹದಲ್ಲಿ. ‘ಅಳಿಸಿಹೋಯಿತೆಂದು ಅಳಬೇಡಿ, ಕಂಟ್ರೋಲ್ ಮತ್ತು ಝಡ್ ಒತ್ತಿ.’ ‘ಮೇಲ್ ಬರೆಯುವಾಗ ಕಳಿಸಬೇಕಾದವರ ವಿಳಾಸವನ್ನು ಕೊನೆಗೆ ತುಂಬಿ, ಕೋಪದಲ್ಲಿ ಬರೆದ ಅರ್ಧ ಪತ್ರ ತಾನಾಗಿ ಹೋಗುವುದಿಲ್ಲ.’ ‘ಏನೇ ಕೆಟ್ಟರೂ ಮೊದಲು ತಂತಿ ನೋಡಿ. ನೋಡಿದ್ದೇನೆ ಅನ್ನಬೇಡಿ, ಇನ್ನೊಮ್ಮೆ ನೋಡಿ.’ ಈ ಹಾಳೆಗಳಿಂದಲೇ ಅವರಿಗೆ ಮೇಷ್ಟ್ರು ಎಂಬ ಹೆಸರು ಅಂಟಿತು. ಮೊದಲು ಹಾಗೆ ಕರೆದ ಪ್ರಾಧ್ಯಾಪಕರು ಗೇಲಿಗೆ ಕರೆದದ್ದು. ವರ್ಷ ಕಳೆಯುವಷ್ಟರಲ್ಲಿ ಅವರೇ ಹಾಳೆ ಹಿಡಿದು ನಿಂತು ನಕಲು ಮಾಡಿಕೊಳ್ಳುತ್ತಿದ್ದರು.

ಪರೀಕ್ಷಾ ವಿಭಾಗದಲ್ಲಿ ನಿವೃತ್ತಿಗೆ ಎರಡು ವರ್ಷವಿದ್ದ ಒಬ್ಬ ಹಿರಿಯ ಗುಮಾಸ್ತೆ, ಕಂಪ್ಯೂಟರ್ ಕಲಿಯಲಾಗದೆ ರಾಜೀನಾಮೆ ಪತ್ರ ಬರೆದಿಟ್ಟಿದ್ದರು. ಮೇಷ್ಟ್ರು ಮೂರು ವಾರ ತಮ್ಮ ಊಟದ ಬಿಡುವಿನಲ್ಲಿ ಅವರ ಪಕ್ಕ ಕುಳಿತರು. ಒಮ್ಮೆಯೂ ಅವರ ಕೈಯಿಂದ ಮೌಸ್ ಕಸಿದುಕೊಳ್ಳಲಿಲ್ಲ. ‘ಮಾಡಿಕೊಟ್ರೆ ನನಗೆ ಎರಡು ನಿಮಿಷ ಅಮ್ಮಾ, ನೀವು ಮಾಡಿದ್ರೆ ನಿಮಗೆ ಎರಡು ವರ್ಷ ಉಳಿಯುತ್ತೆ’ ಎಂದರಂತೆ. ರಾಜೀನಾಮೆ ಪತ್ರವನ್ನು ಆಕೆ ಕಂಪ್ಯೂಟರಿನಲ್ಲೇ ಟೈಪು ಮಾಡಿ ತೋರಿಸಿ, ಅಳಿಸಿಹಾಕಿ ನಕ್ಕರು.

ಇಂಥ ಮನುಷ್ಯ ಸಿಕ್ಕಿದರೆ ಸಂಸ್ಥೆ ಏನು ಮಾಡಬೇಕು? ಅವರಿಗೆ ನಾಲ್ಕು ಜನ ಸಹಾಯಕರನ್ನು ಕೊಡಬೇಕು. ನಮ್ಮ ಸಂಸ್ಥೆ, ಅವರ ಸೇವೆಯ ಏಳನೆಯ ವರ್ಷಕ್ಕೆ, ಒಂದು ಫೋನು ಕೊಟ್ಟಿತು. ಮೆತ್ತಗಿದ್ದವರಿಗೆ ಮತ್ತೊಂದು ಗುದ್ದು ಎಂಬಂತೆ, ಯಾರ ಯಂತ್ರ ಕೆಟ್ಟರೂ ಯಾವ ಹೊತ್ತಿಗೂ ಅದು ಬಡಿದುಕೊಂಡಿತು. ಅವರ ಅಮ್ಮನ ತಿಥಿಯ ದಿನವೂ, ಮಗಳ ಶಾಲೆಯ ನಾಟಕದ ನಡುವೆಯೂ ಬಡಿದುಕೊಂಡಿತು. ಮೇಷ್ಟ್ರು ಎದ್ದು ಹೋದರು. ಹನ್ನೊಂದು ವರ್ಷ ಹೋದರು.

ನಾನು ಅವರದೇ ವಿಭಾಗದಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದಾಗ, ಅವರ ಸೇವೆಯ ಹದಿನೆಂಟನೆಯ ವರ್ಷದಲ್ಲಿ, ಫೋನು ಬಂದ ಮೇಲೆ ಅವರು ಮೊದಲ ಬಾರಿಗೆ ಅರ್ಧ ದಿನದ ರಜೆ ಕೇಳಿದರು. ಅವರ ಪತ್ನಿ, ನಾನು ಅತ್ತಿಗೆ ಎನ್ನುವವರು, ಪೇಟೆಬೀದಿಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದರು. ಅವರ ಬಲಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಅಂದು. ಅದೇ ಬೆಳಿಗ್ಗೆ ಬೇರೆ ವಿಶ್ವವಿದ್ಯಾಲಯದಿಂದ ಬಂದ ಅತಿಥಿಗಳ ಮುಂದೆ ಅಂದಿನ ಕುಲಸಚಿವರು ಭಾಷಣಕ್ಕೆ ನಿಂತರು. ಪರದೆಯ ಮೇಲೆ ಚಿತ್ರ ಮೂಡಲಿಲ್ಲ. ನಾನು ಓಡಿಹೋಗಿ ಏನೇನೋ ಒತ್ತಿದೆ.

“ಅವ್ರಿಗೆ ಫೋನ್ ಮಾಡಿ,” ಎಂದರು ಕುಲಸಚಿವರು.

“ಸಾರ್, ಅವರು ಆಸ್ಪತ್ರೇಲಿದ್ದಾರೆ. ಮನೆಯವರಿಗೆ ಆಪರೇಷನ್ನು.”

“ಆಪರೇಷನ್ ಮಾಡ್ತಿರೋದು ಅವರಲ್ವಲ್ಲ? ಮಾಡಿ ಫೋನು.”

ಮಾಡಿದೆ. ಮೇಷ್ಟ್ರು ಪಿಸುದನಿಯಲ್ಲಿ ಕೇಳಿದ್ದು ಒಂದೇ ಮಾತು: “ತಂತಿ ನೋಡಿದ್ಯೇನೋ?”

“ನೋಡಿದೆ ಮೇಷ್ಟ್ರೇ,” ಎಂದೆ.

ನಾನು ನೋಡಿರಲಿಲ್ಲ. ತಲೆಯ ಮೇಲೆ ಕುಲಸಚಿವರು ನಿಂತಿದ್ದಾಗ, ನೋಡಿಲ್ಲ ಎನ್ನುವ ಧೈರ್ಯ ನನ್ನ ನಾಲಿಗೆಗೆ ಬರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಮೇಷ್ಟ್ರು ಬಂದರು, ಪ್ರೊಜೆಕ್ಟರಿನ ಹಿಂದೆ ಬಗ್ಗಿದರು, ಸಡಿಲವಾಗಿದ್ದ ತಂತಿಯನ್ನು ಒತ್ತಿದರು. ಚಿತ್ರ ಬಂತು. ಅತಿಥಿಗಳು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಆಸ್ಪತ್ರೆಯಲ್ಲಿ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಬಂದ ಅತ್ತಿಗೆ ಗಂಡನನ್ನು ಹುಡುಕುತ್ತ ಮೆಟ್ಟಿಲ ಕಡೆ ನಡೆದಿದ್ದರು. ಎರಡು ಮೆಟ್ಟಿಲು ಕಾಣಲಿಲ್ಲ. ಬಲಗೈಯ ಮಣಿಕಟ್ಟು ಎರಡು ಕಡೆ ಮುರಿಯಿತು. ಕಣ್ಣು ಬಂತು, ಕತ್ತರಿ ಹಿಡಿಯುವ ಕೈ ಮೊದಲಿನಂತೆ ತಿರುಗಲೇ ಇಲ್ಲ.

ಒಂದು ತಂತಿಗಾಗಿ. ಹದಿಮೂರು ವರ್ಷಗಳ ನಂತರವೂ ಈ ವಾಕ್ಯ ಬರೆಯುವಾಗ ನನಗೆ ಸಿಟ್ಟು ಉಕ್ಕುತ್ತದೆ. ಅದರಲ್ಲಿ ಅರ್ಧ ಸಿಟ್ಟು ನನ್ನ ಮೇಲೆಯೇ.

ಮೇಷ್ಟ್ರು ಹತ್ತು ದಿನ ಬರಲಿಲ್ಲ. ಬಂದವರು ಯಾರನ್ನೂ ಬೈಯಲಿಲ್ಲ. ತಮಗೆ ಗೊತ್ತಿದ್ದದ್ದನ್ನೆಲ್ಲ ಬರೆಯಲು ಕುಳಿತರು: ಯಾವ ಯಂತ್ರ ಎಲ್ಲಿದೆ, ಕೆಟ್ಟರೆ ಮೊದಲು ಏನು ನೋಡಬೇಕು, ಆಮೇಲೆ ಏನು. ಒಂದೂವರೆ ವರ್ಷದಲ್ಲಿ ಅದು ಇನ್ನೂರು ಪುಟದ ಕೈಪಿಡಿಯಾಯಿತು. ವಿಭಾಗದ ಕಿರಿಯರಾದ ನಮ್ಮ ನಾಲ್ವರನ್ನು ದಿನಕ್ಕೊಂದು ಗಂಟೆ ಕೂರಿಸಿ ಕಲಿಸಿದರು, ಸರದಿಯ ಪಟ್ಟಿ ಹಾಕಿದರು, ಮತ್ತು ಐದೂವರೆಗೆ ಎದ್ದು ಮನೆಗೆ ಹೊರಟರು. ಮೊದಲ ದಿನ ಅವರು ಚೀಲ ಹೆಗಲಿಗೇರಿಸಿದಾಗ ಇಡೀ ವಿಭಾಗ ಗಡಿಯಾರ ನೋಡಿತು.

“ಏನ್ರೋ ನೋಡ್ತೀರಿ? ಕಂಪ್ಯೂಟರನ್ನೇ ಆಗಾಗ ಆಫ್ ಮಾಡಿ ಆನ್ ಮಾಡ್ಬೇಕು ಅಂತೀವಿ. ನಾನೇನು ಅದಕ್ಕಿಂತ ಗಟ್ಟಿನಾ?”

ಸೋಮವಾರದ ಕಿವಿಮಾತುಗಳೂ ಬದಲಾದವು. ‘ಸಂಜೆ ಬರೆದ ಮೇಲ್ ಮರುದಿನ ಒಂಬತ್ತಕ್ಕೆ ತಲುಪುವಂತೆ ಹೊಂದಿಸುವುದು ಹೇಗೆ.’ ‘ಊಟದ ಹೊತ್ತಿನಲ್ಲಿ ಫೋನಿನ ಸದ್ದು ತಾನಾಗಿ ನಿಲ್ಲುವಂತೆ ಮಾಡುವುದು ಹೇಗೆ.’ ಒಂದು ಸೋಮವಾರ ಬಂತು: ‘ಕಚೇರಿಯ ಮೇಲ್ ಅನ್ನು ನಿಮ್ಮ ಸ್ವಂತ ಫೋನಿನಿಂದ ತೆಗೆದುಹಾಕುವುದು ಹೇಗೆ.’ ಮಧ್ಯಾಹ್ನದೊಳಗೆ ಕುಲಸಚಿವರು ಸ್ವತಃ ಬಂದು ಆ ಹಾಳೆಯನ್ನು ಹರಿದರು. ಮುಂದಿನ ವಾರ ಮೇಷ್ಟ್ರ ಮೇಜು ನೆಲಮಾಳಿಗೆಯ ಉಗ್ರಾಣಕ್ಕೆ ಹೋಯಿತು, ಹಳೆಯ ಪ್ರಿಂಟರುಗಳ ನಡುವೆ, ಕಿಟಕಿಯಿಲ್ಲದ ಕೋಣೆಗೆ. ವಿಭಾಗದ ಮುಖ್ಯಸ್ಥರ ಹುದ್ದೆ ತೆರವಾದಾಗ, ಹೊರಗಿನಿಂದ ಒಬ್ಬರನ್ನು ತಂದು ಕೂರಿಸಿದರು. ಮೇಷ್ಟ್ರು ಸೇರಿದಾಗ ತಂತ್ರಜ್ಞರು, ನಿವೃತ್ತಿಯಲ್ಲೂ ತಂತ್ರಜ್ಞರೇ. ಇದನ್ನು ಯಾವ ಸನ್ಮಾನಪತ್ರದಲ್ಲೂ ಬರೆದಿರುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ನಾಲ್ಕು ವರ್ಷದ ನಂತರ, ಪ್ರವೇಶಾತಿಯ ಕೊನೆಯ ದಿನ, ಮುಖ್ಯ ಸರ್ವರ್ ಕೈಕೊಟ್ಟಿತು. ಹೊರಗೆ ಸಾವಿರಾರು ಮಕ್ಕಳ ಅರ್ಜಿಗಳು ನಿಂತವು. ಮೇಷ್ಟ್ರು ಒಂದು ವಾರದ ರಜೆಯಲ್ಲಿ ಅತ್ತಿಗೆಯ ಜೊತೆ ನಾದಿನಿಯ ಮನೆಗೆ ಹೋಗಿದ್ದರು, ಫೋನು ಆಫ್ ಆಗಿತ್ತು. ನಾವು ನಾಲ್ವರು ಕೈಪಿಡಿ ತೆರೆದು, ತೊಂಬತ್ತೊಂದನೆಯ ಪುಟದಿಂದ ಒಂದೊಂದೇ ಸಾಲು ಓದುತ್ತ ಕೆಲಸಕ್ಕಿಳಿದೆವು. ಐವತ್ತು ನಿಮಿಷಕ್ಕೆ ಎಲ್ಲ ಸರಿಹೋಯಿತು. ನಾವು ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತಿದ್ದಾಗ ಕುಲಸಚಿವರು ಒಳಬಂದರು.

“ಮೇಷ್ಟ್ರನ್ನ ಯಾಕೆ ಕರೆಸ್ಲಿಲ್ಲ?”

“ಬೇಕಾಗ್ಲಿಲ್ಲ ಸಾರ್.”

“ಬೇಕೋ ಬೇಡ್ವೋ ಹೇಳೋನು ನಾನು!”

ಸಂಸ್ಥೆಯ ಮಾನ ಉಳಿಸಿದ ಪುಸ್ತಕ ಬರೆದವರಿಗೆ ಸಿಕ್ಕ ಬಹುಮಾನ, ಫೋನು ಆಫ್ ಮಾಡಿದ್ದೇಕೆಂದು ಕಾರಣ ಕೇಳುವ ನೋಟಿಸು. ಮೇಷ್ಟ್ರು ಅದಕ್ಕೆ ಒಂದೇ ಪದದ ಉತ್ತರ ಬರೆದರು: ‘ರಜೆಯಲ್ಲಿದ್ದೆ.’ ಅದರ ಕೆಳಗೆ ನಾವು ನಾಲ್ವರೂ ಸಹಿ ಹಾಕಿದೆವು. ನನ್ನ ಸೇವೆಯಲ್ಲಿ ನಾನು ಮಾಡಿದ ಒಂದೇ ಗಂಡುಕೆಲಸವೆಂದು ನಾನು ಬೀಗುತ್ತಿದ್ದೆ. ‘ನಾಲ್ವರಲ್ಲಿ ಇಬ್ಬರು ನಾವು ಹೆಂಗಸ್ರಿದ್ವಿ’ ಎಂದು ಜೊತೆಗಾರ್ತಿ ತಿದ್ದಿದಳು. ಆ ಕಡತ ಎಲ್ಲಿ ಸೇರಿತೋ, ಮೇಲೇಳಲಿಲ್ಲ. ಅಂದಿನ ಕುಲಸಚಿವರು ಈಗ ಗೌರವ ಸಲಹೆಗಾರರು. ಈ ಸಂಪುಟಕ್ಕೆ ಮುನ್ನುಡಿ ಬರೆಯುತ್ತಿರುವವರೂ ಅವರೇ ಎಂದು ಕೇಳಿದ್ದೇನೆ. ಅದರಲ್ಲಿ ‘ನಿಸ್ವಾರ್ಥ’ ಎಂಬ ಪದ ಬಂದರೆ, ಓದುಗರು ದಯವಿಟ್ಟು ಈ ಪುಟಕ್ಕೆ ಮರಳಿ ಬರಬೇಕು.

ಲೇಖನ ಬರೆಯುವ ಮೊದಲು ಹೋದ ವಾರ ಅವರ ಮನೆಗೆ ಹೋಗಿದ್ದೆ. ಮುಂದಿನ ಕೋಣೆಯ ಉದ್ದನೆಯ ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿತ್ತು. ಅತ್ತಿಗೆ ಎಡಗೈಯಲ್ಲಿ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು, ಮೇಷ್ಟ್ರು ಕತ್ತರಿಸುತ್ತಿದ್ದರು. ಹನ್ನೆರಡು ವರ್ಷದಿಂದ ಅವರ ಸಂಜೆಗಳು ಇದೇ ಎಂದು ನನಗೆ ಗೊತ್ತಾದದ್ದು ಆಗಲೇ. “ಗೆರೆ ಬಿಟ್ಟು ಹೋಗ್ತಿದೀರ, ನೆಟ್ಟಗೆ ನೋಡಿ!” ಎಂದು ಬೈಸಿಕೊಳ್ಳುತ್ತ ಮೇಷ್ಟ್ರು ಒಳಗೊಳಗೇ ನಗುತ್ತಿದ್ದರು.

ನಾನು ನಿಂತಲ್ಲೇ ಹೇಳಿಬಿಟ್ಟೆ. “ಅತ್ತಿಗೆ, ಆವತ್ತು ನಾನು ಸುಳ್ಳು ಹೇಳಿದ್ದೆ. ತಂತಿ ನೋಡಿರ್ಲಿಲ್ಲ.”

ಮೇಷ್ಟ್ರು ಕತ್ತರಿ ಕೆಳಗಿಟ್ಟರು. “ನಿನ್ನ ದನೀಲೇ ಗೊತ್ತಾಗಿತ್ತು ಕಣೋ. ಗೊತ್ತಿದ್ದೂ ಎದ್ದು ಬಂದೆ ನೋಡು. ನೀನು ಹೆದರಿದ್ದೆ, ಸರಿ. ನಾನೇನಕ್ಕೆ ಹೆದರಿದ್ದೆ ಅಂತ ಇವತ್ತಿಗೂ ಗೊತ್ತಿಲ್ಲ.”

ಅತ್ತಿಗೆ ತಲೆಯೆತ್ತಲಿಲ್ಲ. “ನಂಗಂತೂ ನಿನ್ನ ಮೇಲೆ ಸಿಟ್ಟಿರ್ಲಿಲ್ಲಪ್ಪ. ಎದ್ದು ಹೋದವರ ಮೇಲಿತ್ತು. ವಾಪಸ್ ಬಂದ್ರಲ್ಲ, ಅದಕ್ಕೆ ಇಳೀತು. ಕರೆಸ್ಕೊಂಡೋರ ಮೇಲಿನ್ನೂ ಇದೆ. ಅದನ್ನ ನೀನು ಬರಿ.”

ಬರೆದಿದ್ದೇನೆ. ನಮ್ಮ ವಿಭಾಗದ ಎಲ್ಲರ ಪರವಾಗಿ, ಅವರ ಕಿವಿಮಾತು ಓದಿ ಬದುಕು ಸುಧಾರಿಸಿಕೊಂಡ ಎಲ್ಲರ ಪರವಾಗಿ, ಮೇಷ್ಟ್ರಿಗೂ ಅತ್ತಿಗೆಗೂ ದೀರ್ಘಾಯುಷ್ಯ ಕೋರುತ್ತೇನೆ. ಆ ಮೇಜಿನ ಮೇಲಿನ ಅವರ ಕೆಲಸ ಇನ್ನೂ ಬಹುಕಾಲ ಸಾಗಲಿ, ಗೆರೆ ತಪ್ಪಿದಾಗಲೆಲ್ಲ ಮೇಷ್ಟ್ರು ಬೈಸಿಕೊಳ್ಳಲಿ. ಮುಂದಿನ ತಿಂಗಳಿಂದ ಅವರನ್ನು ‘ಅಗತ್ಯ ಬಿದ್ದಾಗ’ ಕರೆಸಿಕೊಳ್ಳುವ ಆದೇಶವೊಂದು ಕುಲಸಚಿವರ ಕಚೇರಿಯಲ್ಲಿ ಸಿದ್ಧವಾಗುತ್ತಿದೆಯೆಂದು ತಿಳಿದಿದ್ದೇನೆ. ಅವರ ಮುಂದಿನ ಆಯುಷ್ಯದ ಒಂದು ಗಳಿಗೆಯನ್ನೂ ಈ ಸಂಸ್ಥೆ ಕೇಳದಿರಲಿ. ನಾಚಿಕೆಬಿಟ್ಟು ಕೇಳಿದರೆ, ಮೇಷ್ಟ್ರು ಕೊಡದಿರಲಿ.