ತಪ್ಪೋ, ಡಿಸೈನೋ?

ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ಸ್ವಲ್ಪ ಸಂಕೋಚವೇ: ನನಗೆ ಪ್ಲೇಟಿನ ಹುಚ್ಚು. ಊಟದ ಪ್ಲೇಟಲ್ಲ, ಹಾಡಿನದು. ಈಗಿನವರು ‘ವಿನೈಲ್’ ಎನ್ನುತ್ತಾರೆ. ನನಗೆ ಮಾತು ಕಲಿಸಿದ ಅಜ್ಜಿಗೆ ಅದು ಪ್ಲೇಟು, ಅದರ ಮೇಲೆ ಓಡುವುದು ಮುಳ್ಳು. ಅಜ್ಜಿ ಇಟ್ಟ ಹೆಸರು ಬದಲಾಯಿಸುವ ಧೈರ್ಯ ನನಗಿಲ್ಲ. ಆದರೆ ನಾನು ತರಿಸುವ ಪ್ಲೇಟಿನಲ್ಲಿ ಏನಿದೆ ಎಂದು ಗೊತ್ತಾಗಿದ್ದರೆ ಅಜ್ಜಿ ನನ್ನ ಹೆಸರನ್ನೇ ಬದಲಾಯಿಸುತ್ತಿದ್ದಳೋ ಏನೋ.

ಅದರಲ್ಲಿರುವುದು ಬ್ರೇಕ್‌ಬೀಟ್. ಒಂದು, ಎರಡು, ಮೂರು, ನಾಲ್ಕು ಎಂದು ನೆಟ್ಟಗೆ ನಡೆಯುತ್ತಿದ್ದ ಡ್ರಮ್ಮಿನ ತಾಳವನ್ನು ತುಂಡು ಮಾಡಿ, ತುಂಡುಗಳನ್ನು ಹಿಂದುಮುಂದಾಗಿ ಜೋಡಿಸಿ, ಇನ್ನು ಕುಣಿಯಿರಿ ಎನ್ನುವ ಸಂಗೀತ. ಕಾಲಿಟ್ಟ ಕಡೆ ಮೆಟ್ಟಿಲಿರುವುದಿಲ್ಲ. ಎಡವಿದೆ ಅಂದುಕೊಳ್ಳುವಷ್ಟರಲ್ಲಿ ಮೆಟ್ಟಿಲೇ ಬಂದು ಕಾಲಿಗೆ ಸಿಗುತ್ತದೆ. ಸಾಸಲು ಎಂಬ ನಮ್ಮ ಕಡೆಯ ಹಳ್ಳಿಯ ಭಜನೆಯಲ್ಲಿ ತಾಳ ಹಾಕುತ್ತಿದ್ದ ನಮ್ಮ ದೊಡ್ಡಪ್ಪ ಇದನ್ನು ಯಾರೂ ಹೇಳಿಕೊಡದೆಯೇ ಮಾಡುತ್ತಿದ್ದರು. ಆಗ ಅದಕ್ಕೆ ಬೈಗುಳ ಬೀಳುತ್ತಿತ್ತು, ಅಷ್ಟೇ ವ್ಯತ್ಯಾಸ.

ಈ ಪ್ಲೇಟುಗಳನ್ನು ದೊಡ್ಡ ಕಂಪನಿಗಳು ತರುವುದಿಲ್ಲ. ಎಲ್ಲೋ ನಾಲ್ಕು ಜನ ಗೆಳೆಯರು ಸೇರಿ ಕೆಲವೇ ನೂರು ಅಚ್ಚು ಹಾಕಿಸುತ್ತಾರೆ. ಅದಕ್ಕೇ ಅಂಡರ್‌ಗ್ರೌಂಡ್ ಎಂದು ಹೆಸರು. ನನ್ನ ಹೆಂಡತಿ ಸುಮಿತ್ರ ಕೇಳಿದ್ದಳು: “ಅಂಡರ್‌ಗ್ರೌಂಡ್ ಅಂದ್ರೆ? ಕಡ್ಲೆಕಾಯಿ ಥರಾನಾ?” ನಗುತ್ತ ಹೌದೆಂದೆ. ಆಮೇಲೆ ಯೋಚಿಸಿದರೆ ನಿಜವೇ. ಬಗ್ಗಿ ಕೀಳಬೇಕು, ಮಣ್ಣು ಕೊಡವಬೇಕು, ಬಿಡಿಸಿದರೆ ಅರ್ಧಕ್ಕರ್ಧ ಜೊಳ್ಳು.

ಈ ಸಲ ಬಂದದ್ದು ಜೊಳ್ಳಲ್ಲ. ನಾಲ್ಕು ತಿಂಗಳು ಕಾದು ವಿದೇಶದ ಅಂಗಡಿಯಿಂದ ತರಿಸಿದ ಹೊಸ ಬಿಡುಗಡೆ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ಬಂದವನು ಬಟ್ಟೆಯನ್ನೂ ಬದಲಿಸದೆ ಪಾರ್ಸೆಲ್ ಬಿಚ್ಚಿದೆ. ದೊಡ್ಡಬಳ್ಳಾಪುರದಂಥ ಮಗ್ಗದ ಊರಿನವನಿಗೆ ರೇಷ್ಮೆಗಿಂತ ಮೆತ್ತನೆಯದು ಇನ್ನೇನಿದೆ? ಸುಮಿತ್ರಳ ಹಳೇ ಸೀರೆಯ ತುಂಡಿನಿಂದ ಪ್ಲೇಟನ್ನು ಮಗುವಿನ ಕೆನ್ನೆಯಂತೆ ಒರೆಸಿ, ಮುಳ್ಳಿಟ್ಟು, ಕಣ್ಣು ಮುಚ್ಚಿ ಕುಳಿತೆ.

ಎರಡನೆಯ ಹಾಡಿನಲ್ಲಿ ‘ಟಕ್’ ಎಂದಿತು. ಮತ್ತೆ ‘ಟಕ್’.

ಬೇರೆ ಸಂಗೀತವಾಗಿದ್ದರೆ ಪ್ಲೇಟು ಕೆಟ್ಟಿದೆ ಎಂದು ಕೂಡಲೇ ಹೇಳಬಹುದಿತ್ತು. ಮುರಿಯುವುದೇ ಕಸುಬಾಗಿರುವ ಸಂಗೀತದಲ್ಲಿ ಮುರಿದದ್ದು ಯಾವುದು ಎಂದು ಹೇಗೆ ಹೇಳುವುದು? ದಿನಕ್ಕೆರಡು ಬಾರಿ ಕೇಳಿದೆ. ಒಮ್ಮೆ ಪ್ರತಿಭೆ ಎನಿಸಿತು, ಒಮ್ಮೆ ಗೀರು ಎನಿಸಿತು. ದೂರು ಕೊಡಲು ಅಂಗಡಿಯವರು ಕೊಟ್ಟದ್ದು ಒಂದು ವಾರ. ಹಿಂದಕ್ಕೆ ಕಳಿಸಿದರೆ ಬದಲಿಗೆ ಕೊಡಲು ಅವರ ಬಳಿ ಇನ್ನೊಂದಿಲ್ಲ. ಇಟ್ಟುಕೊಂಡರೆ ಜೀವನಪರ್ಯಂತ ಅನುಮಾನ. ಕೊನೆಯ ದಿನ ಭಾನುವಾರ. ಹಾಡು ಹಚ್ಚಿ, ಎದೆ ಗಟ್ಟಿ ಮಾಡಿಕೊಂಡು ದೂರು ಬರೆಯಲು ಕುಳಿತೆ.

ಭಾನುವಾರ ನಮ್ಮ ಬೀದಿಯ ಮಗ್ಗಗಳಿಗೆಲ್ಲ ರಜ. ಆ ಮೌನದಲ್ಲಿ ನಮ್ಮ ಮನೆಯ ಸದ್ದು ನಾಲ್ಕು ಮನೆಯಾಚೆಯ ಅಶ್ವತ್ಥಣ್ಣನಿಗೆ ಕೇಳಿಸಿತು. ನಲವತ್ತು ವರ್ಷ ಮಗ್ಗ ರಿಪೇರಿ ಮಾಡಿದ ಕಿವಿ ಅದು. ಸ್ಪ್ಯಾನರ್ ಹಿಡಿದೇ ಒಳಗೆ ನುಗ್ಗಿದರು.

“ನಿಲ್ಸಿ, ನಿಲ್ಸಿ! ಯಾವಾಗ್ ಹಾಕ್ಸುದ್ರಿ ಮಗ್ಗಾನ? ಲಾಳಿ ಎತ್ತೆತ್ತಿ ಒಗೀತೈತಲ್ಲಪ್ಪ!”

“ಮಗ್ಗ ಅಲ್ಲಣ್ಣ, ಇವರ ಹಾಡು,” ಎಂದಳು ಸುಮಿತ್ರ, ಒಗ್ಗರಣೆ ಸೌಟು ಹಿಡಿದು ನಗುತ್ತ.

“ಹಾಡಾ! ನಾನ್ ಸ್ಪ್ಯಾನರ್ ತಂದ್ಬಿಟ್ನಲ್ಲವ್ವ!”

ಬಂದವರಿಗೆ ನನ್ನ ಸಂಕಟ ಹೇಳಿದೆ. ನಾನು ಇಷ್ಟು ದಿನವೂ ರಸಿಕನಂತೆ ಕಣ್ಣು ಮುಚ್ಚಿ ಕೇಳುತ್ತಿದ್ದೆ. ಅಶ್ವತ್ಥಣ್ಣ ಕಣ್ಣು ಬಿಟ್ಟು, ತಿರುಗುವ ಪ್ಲೇಟನ್ನೇ ನೋಡುತ್ತ, ಬೆರಳಿನಿಂದ ಮೇಜು ಕುಟ್ಟುತ್ತ ಕೇಳಿದರು.

“ಬಾಕಿ ಎಲ್ಲಾ ಆಟ ಆಡ್ತಾವೆ ಗುರು. ಒಂದು ಬೇಗ ಬತ್ತೈತೆ, ಒಂದು ಕಾಯ್ಸಿ ಬತ್ತೈತೆ. ಆದ್ರೂ ಒಂದುಕ್ಕೊಂದು ಜಾಗ ಬಿಡ್ತಾವೆ. ಈ ಟಕ್ ಅನ್ನೋದೈತಲ್ಲ, ಇದು ತಟ್ಟೆ ಒಂದ್ ಸುತ್ತು ತಿರುಗಿದ್ರೆ ಒಂದ್ಸಲ. ಪಕ್ಕದವರು ಏನ್ ಮಾಡ್ತಾವ್ರೆ ಅಂತ ಇದಕ್ಕೆ ಗ್ಯಾನಾನೇ ಇಲ್ಲ. ಇದು ತಪ್ಪು ಕಣಪ್ಪ.”

ನಾನು ಮುಳ್ಳೆತ್ತಿದೆ. ಅವರು ಪ್ಲೇಟನ್ನು ಅಂಚು ಹಿಡಿದು ಎತ್ತಿ, ಕಿಟಕಿಯ ಬೆಳಕಿಗೆ ಓರೆಯಾಗಿ ಒಡ್ಡಿದರು, ಸೀರೆಯಲ್ಲಿ ಕಡಿದ ಎಳೆ ಹುಡುಕುವಂತೆ. ಉಗುರ ತುದಿಯಿಂದ ಏನನ್ನೋ ಹಗುರವಾಗಿ ಬಿಡಿಸಿದರು. ಅದು ಮಿನುಗಿತು.

“ಇದೇನ್ ಗುರು, ಜರಿ!”

ಸುಮಿತ್ರ ನನ್ನನ್ನೇ ನೋಡಿದಳು. ನಾನು ಮೇಜಿನ ಮೇಲಿದ್ದ ರೇಷ್ಮೆ ತುಂಡನ್ನು ನೋಡಿದೆ. ಅದರ ಅಂಚಿನ ಜರಿ ಪಿಸಿದು ನಿಂತಿತ್ತು. ಸಮುದ್ರದಾಚೆಯ ಯಾರದೋ ಮೇಲೆ ಹೊರಿಸಲು ಹೊರಟಿದ್ದ ತಪ್ಪು ದೊಡ್ಡಬಳ್ಳಾಪುರದ್ದೇ, ಅದರಲ್ಲೂ ನನ್ನದೇ. ದೂರನ್ನು ಅಳಿಸಿ ಹಾಕಿದೆ.

ಮತ್ತೆ ಮುಳ್ಳಿಟ್ಟೆ. ಟಕ್ ಇಲ್ಲ. ಉಳಿದದ್ದು ಹಾಗೇ ಎಡವುತ್ತ, ಹಾರುತ್ತ, ಸಂತೋಷವಾಗಿ ಓಡಿತು. “ಮಿಕ್ಕಿದ್ದೆಲ್ಲ ಡಿಸೈನು,” ಎಂದು ಅಶ್ವತ್ಥಣ್ಣ ಪಾಸು ಮಾಡಿದರು.

ಸುಮಿತ್ರ ಅಷ್ಟಕ್ಕೆ ಬಿಡಲಿಲ್ಲ. “ಅಣ್ಣ, ಇವರದ್ದೂ ಒಂದು ನೋಡ್ಬಿಡಿ. ಮದುವೆಯಾದಾಗಿಂದ, ಮೊದ್ಲು ಕ್ಯಾಸೆಟ್ಟು, ಆಮೇಲೆ ಸೀಡಿ, ಈಗ ಪ್ಲೇಟು. ನಾನು ಎಲೆ ಹಾಕಿ ಕರೆದ್ರೆ ಸಾಕು, ‘ಇನ್ನೊಂದೇ ಒಂದು’ ಅಂತಾರೆ. ಸರಿಯಾಗಿ ಅದೇ ಹೊತ್ತಿಗೆ. ಇದು ತಪ್ಪೋ, ಡಿಸೈನೋ?”

ಅಶ್ವತ್ಥಣ್ಣ ನನ್ನನ್ನು ಬೆಳಕಿಗೆ ಒಡ್ಡಿದವರಂತೆ ಮೇಲಿಂದ ಕೆಳಗೆ ನೋಡಿದರು. “ಮೊದ್ಲು ತಪ್ಪೇ ಇದ್ದಿರ್ಬೌದು ತಾಯಿ. ಇಷ್ಟು ವರ್ಷ ನೀನೂ ಜಾಗ ಬಿಟ್ಕೊಂಡೇ ನೇಯ್ದಿದ್ದೀಯಲ್ಲ. ಈಗ ಕಿತ್ರೆ ಸೀರೇನೇ ಹೋಯ್ತದೆ.”

ಅವಳು ನಕ್ಕು, ಒಂದು ಎಲೆ ಹೆಚ್ಚಿಗೆ ಹಾಕಿ, ಊಟಕ್ಕೆ ಕರೆದಳು. ನಾನು ಒಳ್ಳೆಯವನಂತೆ ತಕ್ಷಣ ಎದ್ದು ಮುಳ್ಳೆತ್ತಲು ಹೋದೆ.

“ತಡಿ ಗುರು,” ಎಂದರು ಅಶ್ವತ್ಥಣ್ಣ, ಮೇಜು ಕುಟ್ಟುತ್ತಲೇ. “ಇನ್ನೊಂದೇ ಒಂದು.”