ಮೂರು ತಾಸಿನ ರೆಕಾರ್ಡಿಂಗು, ಹೇಮಗುಡ್ಡದ ತಾಯಿ

ಕಾಣೆಯಾದದ್ದು ಪರೀಕ್ಷಾ ಕೊಠಡಿಯ ಮೂರು ತಾಸಿನ ಕ್ಯಾಮೆರಾ ರೆಕಾರ್ಡಿಂಗು. ಅಳಿಸಿದವಳು ನಾನು ಎಂಬುದು ಆರೋಪ. ಏಳು ದಿನದೊಳಗೆ ಸರಿಯಾದ ಉತ್ತರ ಕೊಡದಿದ್ದರೆ ನನ್ನ ಮೇಲೆ ಪೊಲೀಸ್ ದೂರು.

ತಾಯಿಯನ್ನು ನಂಬಿದ ನಿಮಗೆಲ್ಲ ನಮಸ್ಕಾರ. ನಾನು ಗಂಗಾವತಿಯವಳು. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ದೇವರಿಲ್ಲ ಎಂಬ ಪಕ್ಷ ಹಿಡಿದು ಕಪ್ ಗೆದ್ದವಳು. ಆದ್ದರಿಂದ ನನ್ನ ಮಾತನ್ನು ಸುಮ್ಮನೆ ಒಪ್ಪಬೇಡಿರಿ, ನಡೆದದ್ದನ್ನು ಕೇಳಿ ತೂಗಿ ನೋಡಿರಿ.

ನರ್ಸುಗಳ ಅರ್ಹತಾ ಪರೀಕ್ಷೆಯನ್ನು ಕಂಪ್ಯೂಟರಿನಲ್ಲಿ ನಡೆಸುವ ಗುತ್ತಿಗೆಯನ್ನು ಸರ್ಕಾರ ಬೆಂಗಳೂರಿನ ಒಂದು ಕಂಪನಿಗೆ ಕೊಟ್ಟಿತ್ತು. ಕಂಪನಿಯವರು ನಮ್ಮೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರವನ್ನು ಬಾಡಿಗೆಗೆ ಹಿಡಿದು, ನನ್ನನ್ನು ಮೇಲ್ವಿಚಾರಕಿ ಮಾಡಿದರು. ರೆಕಾರ್ಡಿಂಗಿನ ಹೊಣೆ ಮೇಲ್ವಿಚಾರಕರದು ಎಂದು ಕರಾರಿನಲ್ಲಿತ್ತು. ಓದಿಯೇ ಸಹಿ ಮಾಡಿದ್ದೆ.

ದಸರೆ ಮುಗಿದ ಭಾನುವಾರ ಪರೀಕ್ಷೆ ನಡೆಯಿತು. ಎರಡು ವಾರದ ನಂತರ ಆರೋಗ್ಯ ಇಲಾಖೆಯವರು ತಪಾಸಣೆಗೆಂದು ರೆಕಾರ್ಡಿಂಗು ಕೇಳಿದರು. ಕಂಪನಿಯವರು ಕ್ಯಾಮೆರಾದ ರೆಕಾರ್ಡಿಂಗು ಸೇರುವ ಪೆಟ್ಟಿಗೆಯನ್ನೇ ಬೆಂಗಳೂರಿಗೆ ಒಯ್ದು ನೋಡಿದರೆ ಆ ದಿನದ್ದು ಏನೂ ಇಲ್ಲ. ಅಳಿಸಿದವಳು ನೀನೇ ಎಂದು ನನಗೆ ಏಳು ದಿನದ ನೋಟಿಸು ಕಳಿಸಿದರು.

ಬಸ್ಸು ಹತ್ತಿ ಮೂರು ಸಲ ಕೊಪ್ಪಳದ ಇಲಾಖೆ ಕಚೇರಿಗೆ ಹೋದೆ. "ನಿಮಗೂ ನಮಗೂ ಸಂಬಂಧ ಇಲ್ಲ ನೋಡ್ರಿ ಮೇಡಂ. ನಮ್ಮ ಕರಾರು ಕಂಪನಿ ಜೋಡಿ ಐತಿ," ಅಂದರು ಅಲ್ಲಿನ ಗುಮಾಸ್ತರು. ಕಂಪನಿಗೆ ಫೋನ್ ಮಾಡಿದರೆ, "ಇಲಾಖೆ ಕೇಳ್ತಿದೆ, ನಾವೇನು ಮಾಡೋಕಾಗುತ್ತೆ?" ಕೆಲಸ ಬಿಡೋಣವೆಂದರೆ ನನ್ನ ಮೂಲ ಅಂಕಪಟ್ಟಿಗಳು ಕಂಪನಿಯ ಕಪಾಟಿನಲ್ಲಿ.

ನಾಲ್ಕು ಪುಟದ ಉತ್ತರ ಬರೆದೆ. ಕೊಠಡಿ ಭದ್ರವಾಗಿತ್ತು, ಬೀಗದ ಕೈ ನನ್ನ ಬಳಿಯೇ ಇತ್ತು, ಹೊರಗಿನವರು ಯಾರೂ ಹೋಗಿಲ್ಲ ಎಂದು ಸಾಧಿಸಿದೆ. ಮತ್ತೆ ಓದಿ ನೋಡಿದೆ. ಬೇರೆ ಯಾರೂ ಹೋಗಿಲ್ಲ ಅಂದಮೇಲೆ ಅಳಿಸಿದವಳು ನಾನೇ ಎಂದಾಯಿತಲ್ಲ! ಭದ್ರವಾಗಿರಲಿಲ್ಲ ಎಂದು ಬರೆದರೆ ಅದೂ ನನ್ನದೇ ತಪ್ಪು. ಯಾವ ಕಡೆ ಹೊರಳಿದರೂ ಗೋಡೆ.

ಆರನೇ ದಿನ ಅವ್ವ ಪೆನ್ನು ಕಸಿದಳು. "ಬರಿಯೂದು ಸಾಕು. ನಡಿ ಹೇಮಗುಡ್ಡಕ್ಕ."

"ದುರ್ಗವ್ವ ಏನ್ ಕಂಪ್ಯೂಟರ್ ರಿಪೇರಿ ಮಾಡ್ತಾಳೇನವ್ವಾ?"

"ನೀ ಮಾಡೀಯೇನು? ಆರು ದಿನ ಆತು."

ಹಾಳೆಗಳನ್ನು ಮಡಚಿಟ್ಟೆ. ಹೋದೆ. ನೀನಿದ್ದರೆ ತೋರಿಸು ಎಂದು ಸವಾಲು ಹಾಕಬೇಕೆಂದುಕೊಂಡೇ ಗುಡಿಯೊಳಗೆ ನಿಂತೆ. ಕೈ ಮುಗಿದೆ. "ತಾಯಿ, ಸಿಕ್ಕೊಂಡೀನಿ. ಬಿಡಿಸು," ಎಂದಷ್ಟೇ ಬಂತು.

ಹೊರಗೆ ಮರಳಿ ಎಂಬ ಊರಿನ ಒಂದು ಕುಟುಂಬದವರು ಹೊಸ ಟ್ರ್ಯಾಕ್ಟರಿಗೆ ಪೂಜೆ ಮಾಡಿಸುತ್ತಿದ್ದರು. ಯಜಮಾನ ಎಂಜಿನ್ ಚಾಲೂ ಇಟ್ಟೇ ಗತ್ತಿನಿಂದ ಕೂತಿದ್ದ. ಹೆಂಡತಿ ಆರತಿ ತಟ್ಟೆ ಹಿಡಿದು ಗದರಿದಳು: "ಅದನ್ನ ಬಂದ್ ಮಾಡ್ರಿ ಮೊದಲ! ಚಾಲೂ ಇದ್ದದ್ದಕ್ಕ ಯಾರರ ಪೂಜಿ ಮಾಡ್ತಾರೇನು?"

ನಾನು ನಿಂತಲ್ಲೇ ನಿಂತೆ. ನಮ್ಮ ಕೇಂದ್ರದಲ್ಲೂ ಆಯುಧಪೂಜೆ ಆಗಿತ್ತಲ್ಲ! ಅಲ್ಲಿನ ಅಟೆಂಡರ್ ಹುಸೇನಸಾಬರಿಗೆ ಫೋನ್ ಹಚ್ಚಿದೆ. "ಚಾಚಾ, ಪೂಜಿ ದಿನ ಕ್ಯಾಮೆರಾದ ಪೆಟ್ಟಿಗೀನೂ ಬಂದ್ ಮಾಡಿದ್ರೇನು?"

"ಹೌದು ಬೇಟಾ. ವೈರ್ ಕಿತ್ತು, ಒರಸಿ, ಚೆಂಡುಹೂವು ಇಟ್ಟಿದ್ದೆ. ಎರಡ ದಿನ ಆರಾಮ ಕೊಟ್ಟು ಮತ್ತ ಚಾಲೂ ಮಾಡೀನಿ. ಯಾಕ, ಏನರ ಆತೇನು?"

ಪೆಟ್ಟಿಗೆ ಹಳೆಯದು. ಒಳಗಿನ ಪುಟ್ಟ ಸೆಲ್ಲು ಸತ್ತಿದ್ದರೆ, ಕರೆಂಟು ಹೋದ ಕೂಡಲೇ ಪೆಟ್ಟಿಗೆಯ ತಾರೀಕು ಅದು ತಯಾರಾದ ಕಾಲಕ್ಕೆ ಹಿಂದಕ್ಕೆ ಓಡಿರುತ್ತದೆ, ಆಮೇಲಿನ ರೆಕಾರ್ಡಿಂಗೆಲ್ಲ ಆ ಹಳೆಯ ತಾರೀಕಿನಲ್ಲೇ ಸೇರಿರುತ್ತದೆ. ಪರೀಕ್ಷೆಯ ಬೆಳಿಗ್ಗೆ ನಾನು ಪೆಟ್ಟಿಗೆಯ ಕೆಂಪು ದೀಪ ಉರಿಯುವುದನ್ನು ನೋಡಿದ್ದೆ, ತಾರೀಕು ನೋಡಿರಲಿಲ್ಲ.

ಆದರೆ ಪೆಟ್ಟಿಗೆಯನ್ನು ಎಂದೂ ಬಂದ್ ಮಾಡಕೂಡದು ಎಂದೂ ಕರಾರಿನಲ್ಲಿತ್ತು. ಬಾಯಿ ಬಿಟ್ಟರೆ ಆ ತಪ್ಪು ಒಪ್ಪಿಕೊಂಡಂತೆ. ಆದರೂ ಕಂಪನಿಯ ಎಂಜಿನಿಯರಿಗೆ ಎಲ್ಲವನ್ನೂ ಹೇಳಿ, "ಪೆಟ್ಟಿಗೆ ತಯಾರಾದ ವರ್ಷದಿಂದ ಹುಡುಕಿರಿ," ಎಂದೆ.

"ಆಗ ನಮ್ಮ ಕಂಪನಿನೇ ಹುಟ್ಟಿರಲಿಲ್ಲ ಮೇಡಂ," ಎಂದು ನಕ್ಕರು. ಅರ್ಧ ತಾಸಿಗೆ ಅವರದೇ ಫೋನ್ ಬಂತು. ಈ ಸಲ ನಗುವಿರಲಿಲ್ಲ. "ಸಿಕ್ತು ಮೇಡಂ. ಪೂರ್ತಿ ಮೂರು ಗಂಟೆ ಇದೆ. ಬಾಗಿಲ ಹತ್ರ ನೀವು ಕೂತಿರೋದು ಕಾಣ್ತಿದೆ."

ಗುಡಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅವ್ವ ಕಣ್ಣೊರೆಸಿಕೊಳ್ಳಲು ಸೆರಗು ಕೊಟ್ಟಳು.

ದೂರಿನ ಮಾತು ಅಲ್ಲಿಗೇ ನಿಂತಿತು. ಪೆಟ್ಟಿಗೆ ಬಂದ್ ಆಗಲು ಬಿಟ್ಟದ್ದಕ್ಕೆ ಎಚ್ಚರಿಕೆಯ ಪತ್ರ ಬಂತು. ಅದು ನ್ಯಾಯವೇ, ಸಹಿ ಮಾಡಿ ತೆಗೆದುಕೊಂಡೆ.

ನೆನಪು ತಾನಾಗಿ ಬಂತು, ಇದರಲ್ಲಿ ದೇವಿ ಎಲ್ಲಿಂದ ಬಂದಳು ಎಂದು ಕೇಳುವವರಿದ್ದಾರೆ. ನಾನೂ ಹಾಗೇ ಕೇಳುತ್ತಿದ್ದೆ. ಆರು ದಿನ ಅದೇ ನೆನಪು, ಅದೇ ತಲೆ ನನ್ನ ಹತ್ತಿರವೇ ಇದ್ದವಲ್ಲ, ಯಾಕೆ ಹೊಳೆಯಲಿಲ್ಲ? ಬಿಡಿಸು ಎಂದು ಕೇಳಿದೆ, ಗುಡಿಯ ಅಂಗಳ ದಾಟುವುದರೊಳಗೆ ಬಿಡಿಸಿದಳು. ಆಕೆ ಅದನ್ನು ಟ್ರ್ಯಾಕ್ಟರಿನ ಮುಂದೆ ನಿಂತ ಹೆಣ್ಣುಮಗಳ ಬಾಯಿಂದ ಆಡಿಸಿದಳೆಂದರೆ ಅದು ಆಕೆಯ ಇಷ್ಟ. ಬೇಡಿದವಳು ನಾನು. ಪಡೆದಮೇಲೆ ಕೊಟ್ಟವಳನ್ನು ಇಲ್ಲವೆನ್ನಲು ನನ್ನ ನಾಲಿಗೆ ಏಳುವುದಿಲ್ಲ. ತಾಯಿ, ನಿನಗೆ ಶರಣು.