ಹುಳುಗಳಿಗೆ ತಂದ ಕ್ಯಾಪ್ಸೂಲ್

"ಹುಳಕ್ಕಾ ಸಾರ್, ಮನುಷ್ಯರಿಗಾ?"

ಚಿಂತಾಮಣಿಯ ಔಷಧದಂಗಡಿಯವನು ಆಂಟಿಬಯಾಟಿಕ್ ಕ್ಯಾಪ್ಸೂಲಿನ ಎರಡು ಹಾಳೆಗಳನ್ನು ಮುಂದಿಟ್ಟು ಕೇಳಿದ. ಡಾಕ್ಟರ ಚೀಟಿ ಮಾತ್ರ ಕೇಳಲಿಲ್ಲ. ಜಂಗಮಕೋಟೆಯಲ್ಲಿ ನಮ್ಮ ಪಕ್ಕದ ಮನೆಯ ಮುನಿರಾಜು ಬೆಳಿಗ್ಗೆ ಇವನ್ನು ತರಲು ಹೇಳಿದ್ದ. ಅವನ ರೇಷ್ಮೆಹುಳುಗಳು ಸೊಪ್ಪು ಬಿಟ್ಟು ಸೊರಗುತ್ತಿದ್ದವು. ಓದಿದವರು ಪೇಟೆಗೆ ಹೊರಟರೆ ನಮ್ಮಲ್ಲಿ ಇಂಥ ಕೆಲಸ ತಪ್ಪದು. ಹಾಳೆಯಲ್ಲಿ ಒಂದು ಕ್ಯಾಪ್ಸೂಲ್ ಒಡೆದಿತ್ತು. ಆ ಕಹಿ ವಾಸನೆ ನನ್ನನ್ನು ಚಿಕ್ಕಮ್ಮನ ಹುಳುಮನೆಗೆ ಎಳೆದೊಯ್ದಿತು.

ಈ ಕಥೆಯನ್ನು ಹಿಂದೆ ನಿಮಗೂ ಹೇಳಿರಬಹುದು. ಚಿಕ್ಕಮ್ಮ ಹಿಪ್ಪುನೇರಳೆ ಸೊಪ್ಪಿಗೆ ಕ್ಯಾಪ್ಸೂಲ್ ನೀರು ಚಿಮುಕಿಸಲು ಹೊರಡುತ್ತಾಳೆ, ವಿಜ್ಞಾನ ಓದಿದ ನಾನು ತಡೆಯುತ್ತೇನೆ. ಚೆಂದದ ಕಥೆ. ಹೋದ ತಿಂಗಳು ಹಳೆಯ ಡೈರಿ ತೆಗೆದರೆ ನನ್ನದೇ ಅಕ್ಷರ: "ಕ್ಯಾಪ್ಸೂಲ್ ತಂದುಕೊಟ್ಟೆ. ಚಿಕ್ಕಮ್ಮ ಬೈದಳು."

ಬೈದದ್ದು ಈಗ ನೆನಪಾಗುತ್ತದೆ. ಡೈರಿ ಓದಿದ ಮೇಲೆ ಹುಟ್ಟಿದ ನೆನಪೋ ಏನೋ, ಆಣೆ ಮಾಡಲಾರೆ. ಆಗ ಹುಳುಗಳಿಗೆ ಗೂಡು ಕಟ್ಟಲು ವಾರವಿರುವಾಗ ಕಾಯಿಲೆ ತಗುಲಿತ್ತು. ಚಿಕ್ಕಮ್ಮನ ಬೆರಳಿಗೆ ಬಟ್ಟೆ ಸುತ್ತಿತ್ತು. ಕುಡುಗೋಲಿನ ಗಾಯ ಕೀವಾಗಿ, ಎರಡು ಬಗೆಯ ಮಾತ್ರೆಗೂ ಬಗ್ಗದೆ, ಕೊನೆಗೆ ಬೆರಳ ತುದಿಯನ್ನೇ ತೆಗೆದಿದ್ದರು. ಗಾಯದ ಕ್ರಿಮಿ ಈ ಔಷಧಗಳಿಗೆ ಪಳಗಿಬಿಟ್ಟಿದೆ ಎಂದಿದ್ದರಂತೆ ಡಾಕ್ಟರು.

"ನನ್ನ ಬೆರಳಿಗೆ ನಾಟದಿರೋ ಔಷ್ದೀನ ಹುಳಕ್ಕೆ ಹಾಕಿ, ಆ ಕ್ರಿಮಿಗೆ ಇನ್ನೂ ಪಾಠ ಹೇಳ್ಕೊಡ್ತೀಯೇನಪ್ಪ? ಓದಿರೋದು ನೀನಾ, ಅದಾ?"

"ಬೆಳೆ ಹೋಗ್ತೈತೆ ಚಿಕ್ಕಮ್ಮ."

"ಹೋಗ್ಲಿ ಬಿಡು. ನಾಳೆ ಯಾರ್ದೋ ಮಗೀಗೆ ಔಷ್ದಿ ಹತ್ತದೆ ಹೋದ್ರೆ, ಬೇರೆ ಔಷ್ದಿ ನೀನು ತಂದ್ಕೊಡ್ತೀಯ?"

ಕಾಯಿಲೆಯ ಹುಳುಗಳನ್ನೆಲ್ಲ ಹೊರಗೆ ಸಾಗಿಸಿ ಹೂತಳು. ಉಳಿದ ತಟ್ಟೆಗಳಿಗೆ ಸುಣ್ಣದ ಪುಡಿ ಉದುರಿಸಿ ಕಿಟಕಿಗಳನ್ನು ತೆರೆದಳು. ಅರ್ಧ ಬೆಳೆ ಹೋಯಿತು, ಅರ್ಧ ಗೂಡು ಕಟ್ಟಿತು. ನಾನು ಮುನಿಸಿಕೊಂಡು ಎರಡು ದಿನ ಅವಳ ಮನೆಯ ಕಾಫಿ ಮುಟ್ಟಲಿಲ್ಲವಂತೆ, ಅದೂ ಡೈರಿಯಲ್ಲಿದೆ.

"ಹೇಳಿ ಸಾರ್, ಹುಳಕ್ಕೇನಾ?" ಅಂಗಡಿಯವನು ಮತ್ತೆ ಕೇಳಿದ.

"ಬೇಡ. ಚೀಟಿ ಇಲ್ದೆ ನೀವೂ ಯಾರಿಗೂ ಕೊಡ್ಬೇಡಿ."

"ನಾನು ಕೊಡ್ದಿದ್ರೆ ಪಕ್ಕದಂಗ್ಡೀಲಿ ಕೊಡ್ತಾರೆ ಬಿಡಿ."

"ಅಲ್ಲಿಗೂ ಹೋಗಿ ಇದನ್ನೇ ಹೇಳ್ತೀನಿ."

ಹೇಳಿಯೂ ಬಂದೆ. ಅಲ್ಲಿ ನಕ್ಕರು. ಈಗ ಬಸ್ಸಿನಲ್ಲಿ, ಕ್ಯಾಪ್ಸೂಲಿನ ಬದಲು ಕೊಂಡ ಸುಣ್ಣದ ಪುಡಿಯ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದೇನೆ. ಇಳಿದವನೇ ಅಂಗಿಯ ತೋಳು ಮಡಚಿ ಮುನಿರಾಜುವಿನ ಹುಳುಮನೆಗೆ ನುಗ್ಗುವವನು. ನೆನಪು ಆಮೇಲೆ ತನಗೆ ಬೇಕಾದಂತೆ ತಿದ್ದಿಕೊಳ್ಳದಿರಲೆಂದು, ಊರು ಮುಟ್ಟುವ ಮೊದಲೇ ಡೈರಿಯಲ್ಲಿ ಬರೆದಿಟ್ಟಿದ್ದೇನೆ: "ಕ್ಯಾಪ್ಸೂಲ್ ತರಲಿಲ್ಲ. ಮುನಿರಾಜು ಬೈದ."